ಡೀಸೆಲ್ ಕಾರಿನ ಗ್ಲೋ ಪ್ಲಗ್ಗು: ದೋಷವನ್ನು ಕಂಡುಹಿಡಿಯುವ ಕ್ರಮ

ಅಂಕೋಲೆಯ ಬಳಿಯ ಕೇಣಿಯಂತಹ ಕಡಲತೀರದ ಊರಿನಲ್ಲಿ ವರ್ಷವಿಡೀ ಸುಲಭವಾಗಿ ಹೊರಡುತ್ತಿದ್ದ ಡೀಸೆಲ್ ಕಾರು, ಚಳಿಗಾಲದಲ್ಲಿ ಅರಬೈಲು ಘಟ್ಟವನ್ನೇರಿ ಯಲ್ಲಾಪುರದಲ್ಲಿ ಒಂದು ರಾತ್ರಿ ನಿಂತರೆ, ಮರುದಿನ ಮುಂಜಾನೆ ಮೊಂಡು ಹಿಡಿಯುವುದುಂಟು. ರೋಗಿಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವ ಅವಸರದಲ್ಲಿ ಹೀಗಾದರೆ ಒದಗುವ ಸಂಕಟವನ್ನು ವಿವರಿಸಬೇಕಾದುದಿಲ್ಲ. ಮಾಲೀಕರು ಘಟ್ಟದ ಚಳಿಯನ್ನು ದೂರುವರು. ಆದರೆ ಅನೇಕ ವೇಳೆ ದೋಷವು ಅಲ್ಲಿ ಹುಟ್ಟಿದುದಲ್ಲ. ಕರಾವಳಿಯ ಸೆಕೆಯಲ್ಲಿ ಮರೆಯಾಗಿದ್ದುದು ಚಳಿಯಲ್ಲಿ ಬಯಲಾಗುವುದು.

ಪ್ಲಗ್ಗಿನ ಕೆಲಸ

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯಿಂದ ಉರಿ ಹುಟ್ಟುವುದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಯೇ ಎಣ್ಣೆಯನ್ನು ಹೊತ್ತಿಸುವುದು. ಎಂಜಿನ್ನು ತಣ್ಣಗಿರುವಾಗ ಲೋಹವು ಆ ಶಾಖವನ್ನು ಹೀರಿಕೊಳ್ಳುವುದರಿಂದ, ಪ್ರತಿಯೊಂದು ಸಿಲಿಂಡರಿಗೂ ಒಂದರಂತೆ ಗ್ಲೋ ಪ್ಲಗ್ಗನ್ನು ಇಟ್ಟಿರುತ್ತಾರೆ. ಮೇಸ್ತ್ರಿಗಳು ಇದನ್ನು ಹೀಟರ್ ಪ್ಲಗ್ಗೆಂದು ಕರೆಯುವರು. ಬ್ಯಾಟರಿಯ ವಿದ್ಯುತ್ತಿನಿಂದ ಇದರ ತುದಿಯು ಕೆಲವೇ ಸೆಕೆಂಡುಗಳಲ್ಲಿ 800 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುವುದು. ಡೀಸೆಲ್ ಅಂಬಾಸಿಡರ್, 1998ರಲ್ಲಿ ಬಂದ ಡೀಸೆಲ್ ಇಂಡಿಕಾ ಮೊದಲಾದ ಹಳೆಯ ಕಾರುಗಳಲ್ಲಿ ಎಣ್ಣೆಯು ಪ್ರತ್ಯೇಕ ಕಿರುಕೋಣೆಯಲ್ಲಿ ಹೊತ್ತುವುದರಿಂದ ಅವುಗಳಿಗೆ ಈ ಶಾಖವು ಹೆಚ್ಚು ಅವಶ್ಯ. ನಾಲ್ಕರಲ್ಲಿ ಒಂದು ಪ್ಲಗ್ಗು ಸುಟ್ಟರೂ ಕರಾವಳಿಯಲ್ಲಿ ಉಳಿದ ಮೂರು ಕಾರ್ಯವನ್ನು ಸಾಗಿಸುವುವು. ಘಟ್ಟದ ಮೇಲೆ ಸಾಗಿಸಲಾರವು.

ಲಕ್ಷಣಗಳು

ಮುಂಜಾನೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುವುದು, ಹೊರಟ ಮೇಲೆ ಎಂಜಿನ್ನು ನಡುಗುವುದು, ಡೀಸೆಲ್ ವಾಸನೆಯ ಬಿಳಿಹೊಗೆ ಬರುವುದು, ಕಾದ ಬಳಿಕ ಇವೆಲ್ಲವೂ ಅಡಗುವುದು: ಇವು ಪ್ಲಗ್ಗಿನ ದೋಷದ ಗುರುತುಗಳು. ಕಾದ ಎಂಜಿನ್ನೂ ಹೊರಡದಿದ್ದಲ್ಲಿ ದೋಷವನ್ನು ಬೇರೆಡೆ ಹುಡುಕತಕ್ಕದ್ದು; ಫಿಲ್ಟರಿನಲ್ಲಿ ನೀರು ಅಥವಾ ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿರಬಹುದು.

ಪರೀಕ್ಷೆಯ ಕ್ರಮ

ಖರ್ಚಿಲ್ಲದುದನ್ನು ಮೊದಲು ನೋಡಬೇಕು.

1. ಬ್ಯಾಟರಿ: ನಿಂತ ಕಾರಿನಲ್ಲಿ ಸುಮಾರು 12.5 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೇ ಮೊದಲು ಸಂಶಯಿಸಬೇಕು.

2. ತಂತಿ: ಉಪ್ಪುಗಾಳಿಯಿಂದ ಎಂಜಿನ್ನಿನ ಅರ್ಥ್ ತಂತಿಯೂ ಪ್ಲಗ್ಗುಗಳನ್ನು ಕೂಡಿಸುವ ಲೋಹದ ಪಟ್ಟಿಯೂ ಕಿಲುಬು ಹಿಡಿಯುವುವು. ಅವುಗಳನ್ನು ಉಜ್ಜಿ ಬಿಗಿಮಾಡಬೇಕು.

3. ಫ್ಯೂಸು ಮತ್ತು ರಿಲೇ: 12 ವೋಲ್ಟಿನ ಪರೀಕ್ಷಾದೀಪದ ಒಂದು ತುದಿಯನ್ನು ಪಟ್ಟಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಮುಟ್ಟಿಸಿ, ತಣ್ಣನೆಯ ಎಂಜಿನ್ನಿಗೆ ಕೀಲಿ ತಿರುವಬೇಕು. ದೀಪ ಹೊತ್ತದಿದ್ದರೆ ದೋಷವು ಪ್ಲಗ್ಗಿನದಲ್ಲ. ಫ್ಯೂಸು, ರಿಲೇ ಅಥವಾ ತಂತಿಯದು.

4. ಪ್ಲಗ್ಗು: ಕೀಲಿಯನ್ನು ತೆಗೆದು, ಪಟ್ಟಿಯನ್ನು ಬಿಚ್ಚಿ, ಓಮ್ ಮೀಟರಿನಿಂದ ಒಂದೊಂದನ್ನೂ ಅಳೆಯಬೇಕು. ಒಳ್ಳೆಯ ಪ್ಲಗ್ಗು ಸಾಮಾನ್ಯವಾಗಿ 2 ಓಮ್‌ಗಿಂತ ಕಡಿಮೆ ತೋರಿಸುವುದು. ಮೀಟರು ಏನನ್ನೂ ತೋರಿಸದಿದ್ದರೆ ಒಳಗಿನ ಸುರುಳಿ ತುಂಡಾಗಿದೆಯೆಂದು ತಿಳಿಯಬೇಕು.

ಈ ಕ್ರಮವನ್ನು ಬಿಟ್ಟು ನಾಲ್ಕೂ ಪ್ಲಗ್ಗುಗಳನ್ನು ಬದಲಿಸುವವರು, ಕಿಲುಬು ಹಿಡಿದ ಒಂದು ತಂತಿಗಾಗಿ ಹಣವನ್ನು ವ್ಯರ್ಥಮಾಡಿಕೊಳ್ಳುವರು.

ಎಚ್ಚರಿಕೆಗಳು

ಹೊಸ ಕಾರುಗಳ ಕೆಲವು ಪ್ಲಗ್ಗುಗಳು 12 ವೋಲ್ಟಿಗಿಂತ ಕಡಿಮೆ ಒತ್ತಡಕ್ಕಾಗಿ ಮಾಡಿದವು. ಅವುಗಳಿಗೆ ನೇರವಾಗಿ ಬ್ಯಾಟರಿಯನ್ನು ಜೋಡಿಸಿದರೆ ಸುಟ್ಟುಹೋಗುವುವು. ಪ್ಲಗ್ಗನ್ನು ಬಿಚ್ಚುವಾಗ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ, ಎಂಜಿನ್ನು ಬೆಚ್ಚಗಿರುವಾಗ ಮೆಲ್ಲನೆ ತಿರುವಬೇಕು. ಬಲವಂತದಿಂದ ಅದು ಒಳಗೆ ಮುರಿದರೆ ಎಂಜಿನ್ನಿನ ಹೆಡ್ಡನ್ನೇ ಇಳಿಸಬೇಕಾದೀತು. ತುದಿಯು ಕರಗಿದ್ದರೆ ಹೊಸದನ್ನು ಹಾಕುವ ಮುನ್ನ ಇಂಜೆಕ್ಟರನ್ನೂ ಪರೀಕ್ಷಿಸಬೇಕು. ಎಂಜಿನ್ನು ಹೊರಡಲೆಂದು ಈಥರನ್ನು ಸಿಂಪಡಿಸುವುದು ಸರ್ವಥಾ ಕೂಡದು. ಕೆಂಪಗೆ ಕಾದ ಪ್ಲಗ್ಗು ಅದನ್ನು ಅಕಾಲದಲ್ಲಿ ಹೊತ್ತಿಸಿ ಎಂಜಿನ್ನನ್ನು ಒಡೆಯಬಲ್ಲುದು.

ಮಳೆಗಾಲ ಮುಗಿದು ಚಳಿ ಇಳಿಯುವುದಕ್ಕೆ ಮುನ್ನ ಒಂದು ತಾಸನ್ನು ಈ ಪರೀಕ್ಷೆಗೆ ಮೀಸಲಿಡುವುದು ಲೇಸು. ಆಪತ್ಕಾಲದಲ್ಲಿ ಊರವರೆಲ್ಲ ಎದುರುನೋಡುವುದು ಹೆಚ್ಚಾಗಿ ಮುಖಂಡರ ಮನೆಯ ಬಂಡಿಯನ್ನೇ. ಅದು ಹೊತ್ತಿಗೆ ಹೊರಡುವಂತಿರಬೇಕು.