ಹೆಸರಿಡಲು ಕೀಟ ಕೈಯಲ್ಲಿರಬೇಕು

ಮರದಿಂದ ಒಸರುವ ರಾಳದಲ್ಲಿ ಇರುವೆ ಸಿಕ್ಕಿಕೊಂಡದ್ದನ್ನು ನೀವು ನೋಡಿರಬಹುದು. ಆ ರಾಳ ಮಣ್ಣಡಿಯಲ್ಲಿ ಕೋಟಿಗಟ್ಟಲೆ ವರ್ಷ ಗಟ್ಟಿಯಾದರೆ ಅದೇ ಆಂಬರ್, ನಮ್ಮಲ್ಲಿ ತಸ್ಬೀಹ್ ಮಣಿಗೆ ಬಳಸುವ ಕಹ್ರುಬಾ.

1966ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕಡಲ ದಂಡೆಯಲ್ಲಿ ಫ್ರೇ ದಂಪತಿಗೆ ಅಂಥದೊಂದು ತುಂಡು ಸಿಕ್ಕಿತು. ಒಳಗೆ ಎರಡು ಇರುವೆಗಳು, ಸುಮಾರು 9 ಕೋಟಿ ವರ್ಷ ಹಳೆಯವು. ಅವರು ಅದನ್ನು ವಿಜ್ಞಾನಿಗಳಿಗೆ ಕೊಟ್ಟುಬಿಟ್ಟರು. ಹಾರ್ವರ್ಡ್‌ನ ಇ. ಒ. ವಿಲ್ಸನ್ ಕೈಗೆ ಬಂದಾಗ ಗಡಿಬಿಡಿಯಲ್ಲಿ ಬೀಳಿಸಿಯೂಬಿಟ್ಟರಂತೆ! ತುಂಡು ಎರಡು ಹೋಳಾಯಿತು. ಪುಣ್ಯಕ್ಕೆ ಒಂದೊಂದರಲ್ಲೂ ಒಂದೊಂದು ಇರುವೆ ಉಳಿದಿತ್ತು.

ಇದು ಹೊಸ ಪ್ರಭೇದ ಅಂತ ಹೇಳೋದು ಹೇಗೆ? ಆಂಬರನ್ನು ಉಜ್ಜಿ ನಯಮಾಡಿ, ಸೂಕ್ಷ್ಮದರ್ಶಕದಲ್ಲಿ ಅಂಗಾಂಗ ನೋಡಿ, ಗೊತ್ತಿರುವ ಕೀಟಗಳ ಜೊತೆ ಹೋಲಿಸಬೇಕು. ಇಲ್ಲಿ ದವಡೆ ಕಣಜದಂತೆ ಗಿಡ್ಡ, ಎರಡೇ ಹಲ್ಲು; ಸೊಂಟ ಮಾತ್ರ ಇರುವೆಯದು. ಇರುವೆಗಳು ಕಣಜಗಳಿಂದ ಬಂದವು ಎಂಬ ಊಹೆಗೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿತು. 1967ರಲ್ಲಿ ವಿಲ್ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು ಸ್ಫೆಕೊಮಿರ್ಮಾ ಫ್ರೇಯಿ ಎಂದು ಹೆಸರಿಟ್ಟರು. ಮೊದಲ ಪದಕ್ಕೆ ಕಣಜ-ಇರುವೆ ಎಂದರ್ಥ, ಎರಡನೆಯದು ಆ ದಂಪತಿಯ ನೆನಪಿಗೆ.

ಹೀಗೆ ಹೆಸರಿಗೆ ಆಧಾರವಾದ ಮಾದರಿಗೆ ಹೋಲೋಟೈಪ್ ಅಂತಾರೆ. ಅದು ಮ್ಯೂಸಿಯಂನಂಥ ಸಾರ್ವಜನಿಕ ಜಾಗದಲ್ಲಿದ್ದರೆ ಅನುಮಾನ ಬಂದವರು ಹೋಗಿ ಪರೀಕ್ಷಿಸಬಹುದು. ಇವತ್ತು ಮ್ಯಾನ್ಮಾರ್‌ನ ಕಾಚಿನ್ ಪ್ರಾಂತ್ಯದ ಆಂಬರ್‌ನಿಂದ, ಅದು ಸುಮಾರು 9.9 ಕೋಟಿ ವರ್ಷದ್ದು, ಹೊಸ ಕೀಟಗಳು ಸಾಲುಸಾಲಾಗಿ ಬರುತ್ತಿವೆ. ಆದರೆ ಆ ಗಣಿಗಳ ಸುತ್ತ ಯುದ್ಧವಿದೆ, ಎಷ್ಟೋ ತುಂಡುಗಳು ಖಾಸಗಿಯವರ ಕಪಾಟು ಸೇರುತ್ತವೆ. ಅಂಥದ್ದು ನಾಳೆ ಮತ್ತೊಬ್ಬರಿಗೆ ಮಾರಾಟವಾದರೆ ಪತ್ರಿಕೆಯಲ್ಲಿ ಹೆಸರು ಇರುತ್ತೆ, ತೋರಿಸಲು ಕೀಟ ಇರೋದಿಲ್ಲ.