ಶ್ವೇತಭವನದಿಂದ ಮರಗೆಲಸದ ಕೊಟ್ಟಿಗೆಗೆ

1981ರ ಜನವರಿಯಲ್ಲಿ ಜಿಮ್ಮಿ ಕಾರ್ಟರ್ ಅಮೆರಿಕದ ಅಧ್ಯಕ್ಷ ಪದವಿ ಬಿಟ್ಟು ಹೊರಟಾಗ ಅವರ ಸಂಪುಟದ ಸದಸ್ಯರೂ ಸಿಬ್ಬಂದಿಯೂ ಸೇರಿ ಚಂದಾ ಎತ್ತಿದ್ದರು. ಬೀಳ್ಕೊಡುಗೆಗೆ ಒಂದು ಜೀಪು ಕೊಡಿಸಬೇಕೆಂಬುದು ಅವರ ಯೋಚನೆ. ಸುದ್ದಿ ಕಾರ್ಟರ್ ಕಿವಿಗೆ ಬಿತ್ತು. ಜೀಪು ಬೇಡ, ಮರಗೆಲಸದ ಸಲಕರಣೆ ಕೊಡಿಸಿ ಎಂದರು. ಸಿಯರ್ಸ್ ಕಂಪನಿಯ ಗರಗಸ, ಉಳಿ, ಯಂತ್ರಗಳು ಬಂದವು. ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ಪುಟ್ಟ ಊರಿನಲ್ಲಿದ್ದ ಅವರ ಮನೆಯ ಗ್ಯಾರೇಜೇ ಕಾರ್ಯಾಗಾರವಾಯಿತು.

ಆಗ ಅವರಿಗೆ 56 ವರ್ಷ. ರೇಗನ್ ಎದುರು ಹೀನಾಯವಾಗಿ ಸೋತಿದ್ದರು. ಊರಿಗೆ ಬಂದು ನೋಡಿದರೆ ಕುಟುಂಬದ ಕಡಲೆಕಾಯಿ ವ್ಯವಹಾರ ಸುಮಾರು ಹತ್ತು ಲಕ್ಷ ಡಾಲರ್ ಸಾಲದಲ್ಲಿತ್ತು. ಗಂಡಹೆಂಡಿರು ಮೊದಲು ಕೈಹಾಕಿದ್ದು ಅಟ್ಟಕ್ಕೆ ಹಲಗೆ ಹಾಸುವ ಕೆಲಸಕ್ಕೆ!

ಈ ಚಾಳಿ ಹೊಸದೇನಲ್ಲ. ಹುಡುಗನಾಗಿದ್ದಾಗ ತಂದೆಯ ಹೊಲಮನೆಯಲ್ಲಿ ಕಮ್ಮಾರಿಕೆ, ಬಡಗಿ ಕೆಲಸ ಎರಡನ್ನೂ ಕಲಿತಿದ್ದರು. ನೌಕಾಪಡೆಯಲ್ಲಿದ್ದಾಗ ಅಲ್ಲಿನ ಹವ್ಯಾಸಿ ಕಾರ್ಯಾಗಾರದಲ್ಲಿ ಮನೆಗೆ ಬೇಕಾದ ಸಾಮಾನು ಮಾಡಿಕೊಂಡರು. ಅಧ್ಯಕ್ಷರಾಗಿದ್ದಾಗಲೂ ಬಿಡುವು ಸಿಕ್ಕರೆ ಕ್ಯಾಂಪ್ ಡೇವಿಡ್‌ನ ಬಡಗಿಶಾಲೆಗೆ ಹೋಗುತ್ತಿದ್ದರು. ಮರಗೆಲಸವನ್ನು ಬಡಗಿಗಳ ಕುಲಕಸುಬೆಂದೇ ನೋಡಿ ಬೆಳೆದ ನಮಗೆ ದೊಡ್ಡ ಹುದ್ದೆಯವರೊಬ್ಬರು ಉಳಿ, ಕೊಡತಿ ಹಿಡಿಯುವುದು ಕೊಂಚ ವಿಚಿತ್ರವಾಗಿ ಕಾಣಬಹುದು.

ಕಾರ್ಟರ್ ಅವರ ಕೈ ಪಳಗಿದ್ದು ಕುರ್ಚಿಯಲ್ಲಿ. ಬೆನ್ನಿಗೆ ಏಣಿಯ ಮೆಟ್ಟಿಲಿನಂತೆ ಅಡ್ಡಪಟ್ಟಿಗಳಿರುವ ಹಳ್ಳಿ ಕುರ್ಚಿ ಅದು. ಹಿಕರಿ ಎಂಬ ಗಟ್ಟಿ ಮರವನ್ನು ಹಸಿಯಾಗಿದ್ದಾಗಲೇ ನಾರಿನ ಗುಂಟ ಸೀಳಬೇಕು. ಗರಗಸದಲ್ಲಿ ಕೊಯ್ದರೆ ನಾರು ತುಂಡಾಗಿ ಬಲ ಕುಗ್ಗುತ್ತದೆ. ಕಾಲುಗಳಲ್ಲಿ ಇನ್ನೂ ಹಸಿ ಇರಬೇಕು, ಅವುಗಳ ನಡುವೆ ಕೂರಿಸುವ ಅಡ್ಡಕಡ್ಡಿಗಳು ಮಾತ್ರ ಚೆನ್ನಾಗಿ ಒಣಗಿರಬೇಕು. ಕಾಲು ಒಣಗುತ್ತ ಹೋದಂತೆ ಅದರಲ್ಲಿ ಕೊರೆದ ತೂತು ಕುಗ್ಗಿ ಕಡ್ಡಿಯನ್ನು ಕಚ್ಚಿ ಹಿಡಿಯುತ್ತದೆ. ಮೊಳೆಯೂ ಬೇಡ, ಅಂಟೂ ಬೇಡ. ಕಡ್ಡಿ ಕೂದಲೆಳೆಯಷ್ಟು ದಪ್ಪವಾದರೆ ಕಾಲು ಬಿರಿಯುತ್ತದೆ, ತೆಳುವಾದರೆ ಕುರ್ಚಿ ಅಲುಗಾಡುತ್ತದೆ. ಎರಡೂ ಗೊತ್ತಾಗುವುದು ಮರ ಒಣಗಿದ ಮೇಲೆಯೇ. ಕೂರುವ ಜಾಗಕ್ಕೆ ಅದೇ ಮರದ ತೊಗಟೆಯ ಪಟ್ಟಿಗಳನ್ನು, ನಮ್ಮ ಕಡೆ ಮಂಚಕ್ಕೆ ಹಗ್ಗ ಹೆಣೆದಂತೆ, ಹೆಣೆಯುತ್ತಾರೆ.

ಇಲ್ಲೊಂದು ತಮಾಷೆಯಿದೆ. ಅಧ್ಯಕ್ಷರಾಗಿದ್ದಾಗ ಕಾರ್ಟರ್ ಮೇಲಿದ್ದ ದೊಡ್ಡ ದೂರೆಂದರೆ ಸಣ್ಣಪುಟ್ಟದಕ್ಕೂ ತಲೆಹಾಕುತ್ತಾರೆ ಎಂಬುದು. ಶ್ವೇತಭವನದ ಟೆನಿಸ್ ಅಂಗಣದಲ್ಲಿ ಯಾರು ಯಾವಾಗ ಆಡಬೇಕೆಂದು ಅವರೇ ನೋಡುತ್ತಿದ್ದರೆಂದು ಅವರ ಭಾಷಣಗಳನ್ನು ಬರೆಯುತ್ತಿದ್ದ ಜೇಮ್ಸ್ ಫ್ಯಾಲೋಸ್ 1979ರಲ್ಲಿ ಬರೆದದ್ದು ಗುಲ್ಲೆಬ್ಬಿಸಿತ್ತು. ಕಾರ್ಟರ್ ಅದನ್ನು ಅಲ್ಲಗಳೆದರು. ದೇಶ ಆಳುವವರಿಗೆ ದೋಷವೆನಿಸಿದ ಈ ಗುಣವಿಲ್ಲದೆ ಹಸಿ ಮರದ ಕುರ್ಚಿ ನಿಲ್ಲುವುದಿಲ್ಲ. ಕಡ್ಡಿಯ ಅಳತೆಯನ್ನು ಕಾರ್ಯದರ್ಶಿಗೆ ಒಪ್ಪಿಸಿ ಹೋಗಲು ಬರುವುದಿಲ್ಲವಲ್ಲ!

ಪದವಿ ಬಿಟ್ಟ ಮೇಲೆ ಅವರ ದಿನಗಳೇನೂ ಖಾಲಿಯಿರಲಿಲ್ಲ. 1982ರಲ್ಲಿ ಕಾರ್ಟರ್ ಸೆಂಟರ್ ಕಟ್ಟಿದರು, ದೇಶದೇಶಗಳ ಚುನಾವಣೆಗೆ ವೀಕ್ಷಕರಾಗಿ ಹೋದರು, ಮೂವತ್ತಕ್ಕೂ ಹೆಚ್ಚು ಪುಸ್ತಕ ಬರೆದರು. ಬರೆದು ದಣಿದಾಗ ಎದ್ದು ಕೆಲವೇ ಹೆಜ್ಜೆ ನಡೆದರೆ ಕಾರ್ಯಾಗಾರ. ಹಾಗೆಯೇ ನೂರಕ್ಕೂ ಹೆಚ್ಚು ಸಾಮಾನುಗಳಾದವು: ಮಂಚ, ಮೇಜು, ಕಪಾಟು, ಮನೆಮಕ್ಕಳಿಗೆ ತೊಟ್ಟಿಲು.

1983ರಲ್ಲಿ ಅವರ ನಾಲ್ಕು ಕುರ್ಚಿಗಳು ಸೋದಬೀಸ್ ಹರಾಜಿನಲ್ಲಿ ಸುಮಾರು 41 ಸಾವಿರ ಡಾಲರ್ ತಂದವು. ನಮ್ಮ ಕರಿಮರದ ಬಳಗಕ್ಕೇ ಸೇರಿದ ಪರ್ಸಿಮನ್ ಮರದ ಕಪಾಟೊಂದು ಮುಂದೆ ಹತ್ತು ಲಕ್ಷ ಡಾಲರ್‌ಗೆ ಹೋಯಿತು. ಹಣ ಸೇರಿದ್ದು ಕಾರ್ಟರ್ ಸೆಂಟರ್‌ಗೆ. ಇಷ್ಟು ಬೆಲೆ ಬಂದದ್ದು ಮರಕ್ಕಿಂತ ಮಾಡಿದವರ ಹೆಸರಿಗೆ ಎಂಬುದರಲ್ಲಿ ಅನುಮಾನವಿಲ್ಲ.

ಬಡವರಿಗೆ ಮನೆ ಕಟ್ಟುವ ‘ಹ್ಯಾಬಿಟಾಟ್’ ಸಂಸ್ಥೆಯೊಡನೆ 1984ರಿಂದ ಸುತ್ತಿಗೆ ಹಿಡಿದದ್ದು ಇದಕ್ಕಿಂತ ಬೇರೆ ಬಗೆಯ ಕೆಲಸ. 2006ರಲ್ಲಿ ಮಹಾರಾಷ್ಟ್ರದ ಲೋನಾವಲದ ಬಳಿ ನೂರು ಮನೆ ಕಟ್ಟುವಾಗ ಪತ್ನಿ ರೋಸಲಿನ್ ಜೊತೆ ಅವರೂ ದುಡಿದರು. ಅಲ್ಲಿ ಹತ್ತಾರು ಕೈಗಳ ಅವಸರ. ಗ್ಯಾರೇಜಿನಲ್ಲಿ ಒಬ್ಬರೇ, ತಿದ್ದುವವರೂ ಅವರೇ.

ಕಾರ್ಟರ್ ನೂರು ವರ್ಷ ಬಾಳಿ 2024ರ ಡಿಸೆಂಬರ್ 29ರಂದು ತೀರಿಕೊಂಡರು. ಪ್ಲೇನ್ಸ್‌ನ ಮರನಾಥ ಚರ್ಚಿಗೆ ಅವರು ಮರದ ಶಿಲುಬೆ ಮಾಡಿಕೊಟ್ಟಿದ್ದರು. ಕಾಣಿಕೆ ಸಂಗ್ರಹಿಸುವ ತಟ್ಟೆಗಳೂ ಅವರವೇ. ತಿರುವಿ ನೋಡಿದರೆ ತಳದಲ್ಲಿ ‘ಜೆ.ಸಿ.’ ಎಂಬ ಎರಡಕ್ಷರ.