ಎಡಿನ್‌ಬರೊ: ಊರಿನವರ ಗಾಲ್ಫ್ ಬಯಲುಗಳು

ಜೂನ್ ತಿಂಗಳಲ್ಲಿ ರಾತ್ರಿ ಎಂಟೂವರೆಯಾದರೂ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್ ಬಯಲಿನಿಂದ ಬೆಳಕು ಹೋಗಿರುವುದಿಲ್ಲ. ಎಡಿನ್‌ಬರೊ ನಗರದ ಒಳಗೇ ಇರುವ ಬಯಲದು. ಸುತ್ತಲೂ ಬೂದುಗಲ್ಲಿನ ಹಳೆಯ ಮನೆಗಳ ಸಾಲು, ನಡುವೆ ಏರಿಳಿಯುವ ಹುಲ್ಲು. ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ತಿಂಡಿ ಪೊಟ್ಟಣ ಬಿಚ್ಚಿಕೊಂಡು ಒಂದು ಕಡೆ ಕೂತಿರುತ್ತಾರೆ. ಅವರಿಂದ ಸ್ವಲ್ಪ ದೂರದಲ್ಲಿ ಅಜ್ಜ ಮೊಮ್ಮಗಳಿಗೆ ಕೋಲು ಹಿಡಿಯುವ ಬಗೆ ತೋರಿಸುತ್ತಿರುತ್ತಾರೆ. ಆಫೀಸು ಮುಗಿಸಿ ಬಂದವರು ಅದೇ ಬಟ್ಟೆಯಲ್ಲಿ, ಕೈಯಲ್ಲಿ ಎರಡೇ ಕೋಲು ಹಿಡಿದು, ಧ್ವಜದಿಂದ ಧ್ವಜಕ್ಕೆ ಸಾಗುತ್ತಿರುತ್ತಾರೆ. ಬೇಸಿಗೆಯಲ್ಲಿ ಇಲ್ಲಿ 36 ಚಿಕ್ಕ ಹೋಲ್‌ಗಳಿರುತ್ತವೆ. ಟಿಕೆಟ್ ಇಲ್ಲ, ಗೇಟ್ ಇಲ್ಲ, ಸದಸ್ಯತ್ವ ಕೇಳುವವರಿಲ್ಲ. ಒಂದು ವೆಜ್, ಒಂದು ಪಟರ್, ಒಂದು ಚೆಂಡು ಇದ್ದರೆ ಯಾರು ಬೇಕಾದರೂ ಆಡಬಹುದು.

ಕೆಲಸಕ್ಕೋ ಮಕ್ಕಳ ಓದಿಗೋ ಈ ಊರಿಗೆ ಹೋಗಿಬರುವ ನಮ್ಮವರಲ್ಲಿ ಗಾಲ್ಫ್ ಆಡುವವರು ಮೊದಲು ಕೇಳುವ ಹೆಸರು ಸೇಂಟ್ ಆಂಡ್ರೂಸ್, ಆಮೇಲೆ ಮ್ಯೂರ್‌ಫೀಲ್ಡ್. ಟಿವಿಯಲ್ಲಿ ನೋಡಿದ ಹುಲ್ಲನ್ನು ಮೆಟ್ಟಬೇಕೆಂಬ ಆಸೆ ಸಹಜವಾದದ್ದೇ. ಆದರೆ ನನ್ನ ಮಟ್ಟಿಗೆ ಎಡಿನ್‌ಬರೊದ ಗಾಲ್ಫ್ ಶುರುವಾಗಬೇಕಾದದ್ದು ಬ್ರಂಟ್ಸ್‌ಫೀಲ್ಡ್‌ನ ಈ ಪುಕ್ಕಟೆ ಹುಲ್ಲಿನ ಮೇಲೆ. ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಕಂಡಿರುವುದು ಬೇಲಿಯ ಈಚೆಯಿಂದ. ಗಾಲ್ಫ್ ಎಂದರೆ ಬೇಲಿಯ ಆಚೆಗಿನದು ಎಂದುಕೊಂಡು ಬೆಳೆದ ನಮಗೆ, ಈ ಆಟ ಬೆಳೆದ ನಾಡಿನಲ್ಲಿ ಅದು ಬೀದಿಯಂಚಿನ ಆಟವೂ ಹೌದು ಎಂಬುದನ್ನು ಕಣ್ಣಾರೆ ನೋಡುವುದು ದೊಡ್ಡ ಸಂಗತಿ.

ಈ ಆಟದ ಮೇಲೆ ಇಲ್ಲಿನ ಜನಕ್ಕೆ ಎಷ್ಟು ಮೋಹವಿತ್ತೆಂದರೆ, 1457ರಲ್ಲಿ ಎರಡನೆಯ ಜೇಮ್ಸ್ ದೊರೆಯ ಕಾಲದ ಸಂಸತ್ತು ಫುಟ್ಬಾಲನ್ನೂ ಗಾಲ್ಫನ್ನೂ ನಿಲ್ಲಿಸಿ ಎಂದು ಕಟ್ಟಳೆ ಹೊರಡಿಸಿತು. ಗಂಡಸರು ಬಿಲ್ಲುವಿದ್ಯೆಯ ಅಭ್ಯಾಸ ಬಿಟ್ಟು ಚೆಂಡಿನ ಹಿಂದೆ ಹೋಗುತ್ತಿದ್ದಾರೆ ಎಂಬುದು ಕಾರಣ. ನಗರದ ಬಂದರಿನ ಪಕ್ಕದ ಲೀತ್ ಲಿಂಕ್ಸ್‌ನಲ್ಲಿ 1744ರಲ್ಲಿ ಬೆಳ್ಳಿಯ ಕೋಲಿನ ಬಹುಮಾನಕ್ಕಾಗಿ ಪಂದ್ಯ ನಡೆದಾಗ ಆಟದ 13 ನಿಯಮಗಳನ್ನು ಬರೆದಿಟ್ಟರು. ಲಿಖಿತ ರೂಪದಲ್ಲಿ ಉಳಿದಿರುವ ಗಾಲ್ಫ್ ನಿಯಮಗಳಲ್ಲಿ ಅವೇ ಮೊದಲಿನವು. ಈಗ ಲೀತ್ ಲಿಂಕ್ಸ್ ಬರಿಯ ಉದ್ಯಾನ, ಅಲ್ಲಿ ಕೋರ್ಸ್ ಇಲ್ಲ.

ಪೂರ್ವಕ್ಕೆ ಬಸ್ಸು ಹತ್ತಿದರೆ ಮಸಲ್‌ಬರೊ ಸಿಗುತ್ತದೆ. ಅಲ್ಲಿನ ಹಳೆಯ ಕೋರ್ಸು ಕುದುರೆ ಓಟದ ಮೈದಾನದ ಒಳಗಿದೆ. ಬಿಳಿ ಕಂಬಿಗಳ ಓಟದ ಹಾದಿ ಸುತ್ತುಗಟ್ಟಿದೆ, ಅದರೊಳಗೆ ಒಂಬತ್ತು ಹೋಲ್‌ಗಳು. ಸಮುದ್ರ ಹತ್ತಿರದಲ್ಲೇ ಇದ್ದರೂ ಕಾಣುವುದಕ್ಕಿಂತ ಹೆಚ್ಚಾಗಿ ಗಾಳಿಯಲ್ಲಿ ತಿಳಿಯುತ್ತದೆ. ನೆಲ ಹೆಚ್ಚುಕಡಿಮೆ ಸಪಾಟು. ಮೊದಲ ನೋಟಕ್ಕೆ ಇಲ್ಲೇನಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಇರುವುದು ಕಾಲ. ಎಡಿನ್‌ಬರೊದ ವಕೀಲ ಸರ್ ಜಾನ್ ಫೌಲಿಸ್ 1672ರಲ್ಲಿ ಇಲ್ಲಿ ಆಡಿ ಸೋತ ಹಣವನ್ನು ತನ್ನ ಖರ್ಚಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಓಪನ್ ಚಾಂಪಿಯನ್‌ಷಿಪ್ 1874ರಿಂದ 1889ರವರೆಗೆ ಆರು ಸಲ ಈ ಒಂಬತ್ತು ಹೋಲ್‌ಗಳ ಮೇಲೆ ನಡೆಯಿತು. ಮೊದಲ ಸಲ ಗೆದ್ದವನು ಇದೇ ಊರಿನ ಮಂಗೊ ಪಾರ್ಕ್.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಇಲ್ಲಿನ ಮೀನುಗಾರ ಹೆಂಗಸರ ಕಥೆ. ಬೆನ್ನಿಗೆ ಮೀನಿನ ಬುಟ್ಟಿ ಕಟ್ಟಿಕೊಂಡು ಎಡಿನ್‌ಬರೊವರೆಗೆ ನಡೆದು ಮಾರುತ್ತಿದ್ದ ಈ ಹೆಂಗಸರು ಬಿಡುವಿನ ದಿನ ಗಾಲ್ಫ್ ಆಡುತ್ತಿದ್ದರು. 1810ರ ಡಿಸೆಂಬರಿನಲ್ಲಿ ಮಸಲ್‌ಬರೊ ಗಾಲ್ಫ್ ಕ್ಲಬ್ಬಿನವರು ಹೊಸವರ್ಷದ ದಿನ ಗೆದ್ದ ಹೆಂಗಸಿಗೆ ಹೊಸ ಬುಟ್ಟಿ ಮತ್ತು ಶಾಲು ಎಂದು ನಿರ್ಣಯ ಬರೆದರು. ಬಹುಮಾನ ಬುಟ್ಟಿ! ಮರುದಿನ ಬೆಳಗ್ಗೆ ಅದರಲ್ಲೇ ಮೀನು ಹೊರಬೇಕಾದವಳಿಗೆ ಅದಕ್ಕಿಂತ ಗೌರವದ ಕೊಡುಗೆ ಇನ್ನೇನಿದ್ದೀತು. ಲೀತ್‌ನಲ್ಲಿ ನಿಯಮ ಬರೆದ ಕುಲೀನರ ಕೂಟ 1836ರಲ್ಲಿ ಮಸಲ್‌ಬರೊಗೆ ಬಂತು, ಜನಜಂಗುಳಿ ಸಾಕೆನಿಸಿ 1891ರಲ್ಲಿ ಮ್ಯೂರ್‌ಫೀಲ್ಡ್‌ಗೆ ಹೋಯಿತು. ಆ ಕೂಟ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿ ಮತ ಹಾಕಿದ್ದು 2017ರಲ್ಲಿ. ಮ್ಯೂರ್‌ಫೀಲ್ಡ್ ಅದ್ಭುತವಾದ ಕೋರ್ಸ್, ಅದರಲ್ಲಿ ಎರಡು ಮಾತಿಲ್ಲ. ಹೊರಗಿನವರಿಗೂ ವಾರದ ನಿಗದಿತ ದಿನಗಳಲ್ಲಿ ಅವಕಾಶವಿದೆ. ಆದರೂ ನನ್ನ ದಿನವನ್ನು ನಾನು ಬುಟ್ಟಿ ಗೆದ್ದವರ ನೆಲಕ್ಕೇ ಕೊಡುತ್ತೇನೆ.

ಊರಿನ ದಕ್ಷಿಣಕ್ಕೆ ಬ್ರೇಡ್ ಹಿಲ್ಸ್. ಬ್ರಂಟ್ಸ್‌ಫೀಲ್ಡ್‌ನಲ್ಲಿ ಆಟಗಾರರು ಕಿಕ್ಕಿರಿದಾಗ ನಗರಸಭೆ 1889ರಲ್ಲಿ ಈ ಗುಡ್ಡವನ್ನು ಕೊಂಡು ಸಾರ್ವಜನಿಕ ಕೋರ್ಸ್ ಮಾಡಿತು. ಮೇ ತಿಂಗಳಲ್ಲಿ ಗುಡ್ಡದ ತುಂಬ ಗಾರ್ಸ್ ಎಂಬ ಮುಳ್ಳುಪೊದೆ ಹಳದಿ ಹೂ ಬಿಟ್ಟಿರುತ್ತದೆ. ಬಿಸಿಲು ಬಿದ್ದಾಗ ಆ ಹೂವಿಂದ ಏಳುವುದು ತೆಂಗಿನಕಾಯಿಯ ವಾಸನೆ. ಕರಾವಳಿಯವರು ಒಂದು ಗಳಿಗೆ ನಿಂತುಬಿಡುವಂಥದ್ದು. ಮೇಲಿಂದ ಕೋಟೆ, ಆರ್ಥರ್ಸ್ ಸೀಟ್ ಗುಡ್ಡ, ಅದರಾಚೆ ಫೋರ್ತ್ ಕಡಲಚಾಚು ಎಲ್ಲ ಒಟ್ಟಿಗೆ ಕಾಣುತ್ತವೆ. ಪೂರ್ವದ ಗಾಳಿಯೊಂದಿಗೆ ಹಾರ್ ಎಂಬ ಕಡಲಮಂಜು ಬಂತೆಂದರೆ ಅವೆಲ್ಲ ಹದಿನೈದು ನಿಮಿಷದಲ್ಲಿ ಮಾಯ.

ಸೇಂಟ್ ಆಂಡ್ರೂಸ್‌ಗೆ ಎಡಿನ್‌ಬರೊದಿಂದ ನೇರ ರೈಲಿಲ್ಲ. ಫೋರ್ತ್ ಸೇತುವೆ ದಾಟಿ ಲೂಕರ್ಸ್ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಅಲ್ಲಿನ ಓಲ್ಡ್ ಕೋರ್ಸ್ ಯಾವ ಕ್ಲಬ್ಬಿನ ಸೊತ್ತೂ ಅಲ್ಲ, ಸಾರ್ವಜನಿಕ ನೆಲ. 1974ರ ಕಾಯ್ದೆಯಂತೆ ಒಂದು ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. 22 ಹೋಲ್‌ಗಳಿದ್ದದ್ದನ್ನು 1764ರಲ್ಲಿ 18ಕ್ಕೆ ಇಳಿಸಿದ್ದು ಇಲ್ಲೇ, ಇಂದು ಜಗತ್ತೆಲ್ಲ 18 ಆಡುವುದು ಅದರಿಂದ. ಮುಂಚಿತವಾಗಿ ಜಾಗ ಸಿಗದವರು ಲಾಟರಿಗೆ ಹೆಸರು ಕೊಡಬಹುದು, ಎರಡು ದಿನ ಮೊದಲು ಚೀಟಿ ಎತ್ತುತ್ತಾರೆ. ಹೆಸರು ಬಂದರೆ ಭಾಗ್ಯ. ಆದರೆ ಆ ಚೀಟಿಯ ದಾರಿ ಕಾಯುತ್ತ ಉಳಿದ ದಿನಗಳನ್ನು ಕಳೆಯಬೇಡಿ. ಭಾನುವಾರ ಓಲ್ಡ್ ಕೋರ್ಸಿಗೆ ರಜೆ. ದೊಡ್ಡ ಪಂದ್ಯಗಳಿಲ್ಲದ ಭಾನುವಾರ ಊರಿನವರು ನಾಯಿ, ತಳ್ಳುಗಾಡಿ, ಮಕ್ಕಳ ಸಮೇತ ಅಲ್ಲೇ ಅಡ್ಡಾಡುತ್ತಾರೆ. ಸ್ವಿಲ್ಕನ್ ತೊರೆಯ ಪುಟ್ಟ ಕಲ್ಲುಸೇತುವೆಯ ಮೇಲೆ ಕೂಸನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಹೆಲ್ ಬಂಕರ್ ಎಂಬ ಮರಳುಗುಂಡಿಯ ಅಂಚಿಗೆ ಹೋಗಿ ಅದರ ಆಳ ನೋಡಿ ಬನ್ನಿ. ಟಿವಿ ಎಂದೂ ತೋರಿಸದ ಆ ನೆಲದ ಉಬ್ಬುತಗ್ಗು ಕಾಲಿಗೆ ಗೊತ್ತಾಗುವುದು ಅವತ್ತೇ.

ಕೊನೆಗೆ ನಾರ್ತ್ ಬೆರಿಕ್. ವೇವರ್ಲಿ ನಿಲ್ದಾಣದಿಂದ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸು. ಮೊದಲ ಟೀ ಊರ ಅಂಚಿನಲ್ಲೇ ಇದೆ. ಎರಡನೆಯ ಹೋಲ್‌ನಲ್ಲಿ ಬಲಕ್ಕೆ ಮರಳದಂಡೆ. ಚೆಂಡು ಅಲ್ಲಿಗೆ ಹೋದರೆ ಮರಳಿನಿಂದಲೇ ಹೊಡೆಯಬಹುದು, ಮರಳಾಟ ಆಡುವ ಮಕ್ಕಳು ಪಕ್ಕಕ್ಕೆ ಸರಿದು ನೋಡುತ್ತಾರೆ. ಹದಿಮೂರನೆಯ ಹೋಲ್‌ನಲ್ಲಿ ಗ್ರೀನಿನ ಮುಂದೆಯೇ ಹಳೆಯ ಕಲ್ಲುಗೋಡೆ ಹಾದುಹೋಗಿದೆ. ಕೋರ್ಸ್ ಮಾಡಿದವರು ಗೋಡೆ ಕೆಡವಲಿಲ್ಲ, ಅದರ ಮೇಲಿಂದ ಹೊಡೆಯಿರಿ ಎಂದರು. ಹದಿನೈದನೆಯದು ರೆಡಾನ್. ಕ್ರಿಮಿಯಾ ಯುದ್ಧದ ಕೋಟೆಯೊಂದರ ಹೆಸರು. ಓರೆಯಾಗಿ ಹಿಂದಕ್ಕೆ ಇಳಿಯುವ ಅದರ ಗ್ರೀನನ್ನು ಅಮೆರಿಕದವರೂ ಸೇರಿದಂತೆ ಎಷ್ಟೋ ದೇಶದವರು ತಮ್ಮ ಕೋರ್ಸುಗಳಲ್ಲಿ ನಕಲು ಮಾಡಿದ್ದಾರೆ. ಎದುರಿಗೆ ಕಡಲಲ್ಲಿ ಬಾಸ್ ರಾಕ್ ಬಂಡೆ. ಅದರ ಬಿಳುಪಿನಲ್ಲಿ ಬಹುಪಾಲು ಬೇಸಿಗೆಯಲ್ಲಿ ಗೂಡುಕಟ್ಟುವ ಗ್ಯಾನೆಟ್ ಹಕ್ಕಿಗಳದ್ದು. ಹದಿನೆಂಟನೆಯ ಹೋಲ್ ಮತ್ತೆ ಊರಿಗೆ ಬಂದು ಸೇರುತ್ತದೆ, ಬಲಗಡೆ ರಸ್ತೆಯಲ್ಲಿ ನಿಲ್ಲಿಸಿದ ಕಾರುಗಳ ಸಾಲು. ಅಲ್ಲಿ ಬಲಕ್ಕೆ ಬಾಗುವ ಚೆಂಡು ಹೊಡೆಯುವವರು ಜೋಪಾನ.

ಮೂರ್ನಾಲ್ಕು ದಿನ ಇದ್ದರೆ ಈ ಕ್ರಮದಲ್ಲೇ ಹೋಗಿ: ಇಳಿದ ಸಂಜೆ ಬ್ರಂಟ್ಸ್‌ಫೀಲ್ಡ್, ಮರುದಿನ ಮಸಲ್‌ಬರೊ ಇಲ್ಲವೆ ಬ್ರೇಡ್ ಹಿಲ್ಸ್, ಭಾನುವಾರ ಸೇಂಟ್ ಆಂಡ್ರೂಸ್‌ನಲ್ಲಿ ನಡಿಗೆ. ಮಸಲ್‌ಬರೊಗೆ ಹೊರಡುವ ಮುಂಚೆ ಅಂದು ಕುದುರೆ ಪಂದ್ಯ ಇದೆಯೇ ಎಂದು ವಿಚಾರಿಸಿಕೊಳ್ಳಿ. ಸಿಕ್ಕುವುದು ಒಂದೇ ದಿನವಾದರೆ, ಕೈಯಲ್ಲಿ ಸ್ವಲ್ಪ ದುಡ್ಡೂ ಇದ್ದರೆ, ಬೇರೆ ಯೋಚನೆ ಬೇಡ, ನಾರ್ತ್ ಬೆರಿಕ್‌ಗೆ ತಿಂಗಳುಗಳ ಮೊದಲೇ ಜಾಗ ಕಾದಿರಿಸಿ.